ನಡುಬಾಗಿಲ ಸಾಕ್ಷಿ

ಮಹಾನಂದಾ ಯರಗುಪ್ಪಿಯಿಂದ ಮೊರಬಕ್ಕೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಆಮೇಲೆ ಇಪ್ಪತ್ತೈದು ವರ್ಷ ಅವಳೂ ಅವಳ ಮಾವ ಕುಬೇರಪ್ಪನವರೂ ಒಂದೇ ಸೂರಿನ ಕೆಳಗಿದ್ದರು. ಅಷ್ಟು ವರ್ಷಗಳಲ್ಲಿ ಮಾವ ಅವಳ ಜೊತೆ ಮಾತಾಡಿದ್ದು ಒಂದೇ ಸಲ.

ಅವರ ನಡುವೆ ಜಗಳವೇನೂ ಇರಲಿಲ್ಲ. ಆ ಮನೆಯಲ್ಲಿ ಹಾಗೆ ನಡೆದುಕೊಂಡು ಬಂದಿತ್ತು. ಮಾವ ಪಡಸಾಲೆಯಲ್ಲಿ ಕೂತಿದ್ದರೆ ಸೊಸೆ ನಡುಬಾಗಿಲು ದಾಟಬಾರದು. ದಾಟಲೇಬೇಕಾದರೆ ತಲೆ ತುಂಬ ಸೆರಗು ಹೊದ್ದು, ಮುಖ ಗೋಡೆಯ ಕಡೆ ಮಾಡಿ ಹಾಯಬೇಕು. ಮಾವನೂ ಸೊಸೆಗೆ ನೇರವಾಗಿ ಏನೂ ಹೇಳಬಾರದು, ಹೆಸರಂತೂ ಹಿಡಿಯಲೇಬಾರದು. ಅತ್ತೆ ಮಲ್ಲಕ್ಕ ನಡುವೆ ನಿಂತು ಮಾತು ಸಾಗಿಸುತ್ತಿದ್ದಳು. ನೀರು ಕಾದಾವೇನು ಕೇಳು ಎಂದು ಕುಬೇರಪ್ಪ ಅಂದರೆ, ಮೂರು ಮಾರು ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡವಳಿಗೆ ಮಲ್ಲಕ್ಕ ಅದನ್ನೇ ಮತ್ತೊಮ್ಮೆ ಕೇಳುತ್ತಿದ್ದಳು. ಕಾದಾವೆ ಎಂದು ಮಹಾನಂದಾ ಹೇಳಿದ್ದು ಕುಬೇರಪ್ಪನವರ ಕಿವಿಗೂ ಬಿದ್ದಿರುತ್ತಿತ್ತು. ಆದರೂ ಮಲ್ಲಕ್ಕ ಬಂದು ಹೇಳುವತನಕ ಅವರು ಜಾಗ ಬಿಟ್ಟು ಏಳುತ್ತಿರಲಿಲ್ಲ.

ನಮ್ಮ ಕಡೆ ಇಂಥ ರೂಢಿಗಳು ಹೆಚ್ಚು ದಿನ ಬಾಳುವುದಿಲ್ಲ. ಒಂದು ಕೂಸು ಹುಟ್ಟಿದರೆ ಸಾಕು. ಅಜ್ಜ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಮ್ಮವ್ವಗೆ ಚಹಾ ಮಾಡಲು ಹೇಳು ಅನ್ನುತ್ತಾನೆ, ಕೂಸಿಗೆ ಇನ್ನೂ ಮಾತೇ ಬಂದಿರುವುದಿಲ್ಲ, ಅವ್ವ ಒಳಗೇ ನಕ್ಕು ಚಹಾ ತರುತ್ತಾಳೆ. ಆ ಕೂಸು ಶಾಲೆಗೆ ಹೋಗುವ ಹೊತ್ತಿಗೆ ಮಾವ ಸೊಸೆ ಒಂದೇ ಕೋಣೆಯಲ್ಲಿ ಕೂತು ಟೀವಿ ನೋಡುತ್ತಿರುತ್ತಾರೆ. ಮಹಾನಂದಾಳ ಮನೆಯಲ್ಲಿ ಕೂಸು ಹುಟ್ಟಲಿಲ್ಲ. ಮದುವೆಯಾದ ಮೂರನೇ ವರ್ಷ ಗಂಡ ಸಿದ್ಧಾರೂಢನಿಗೆ ಕಾಮಾಲೆಯಾಯಿತು. ಹದಿನೆಂಟು ದಿನಕ್ಕೆ ಅವನು ತೀರಿಕೊಂಡ. ತಾನಾಗಿ ಸಡಿಲಾಗಬೇಕಿದ್ದ ಗಂಟು ಹಾಗೇ ಉಳಿಯಿತು.

ದಿನಕರ್ಮ ಮುಗಿದ ಮೇಲೆ ಅವಳ ಅಣ್ಣ ಶಿದ್ಲಿಂಗಪ್ಪ ಯರಗುಪ್ಪಿಯಿಂದ ಕರೆಯಲು ಬಂದಿದ್ದ. ಮಗ ಹೋದ ಆಘಾತಕ್ಕೆ ಮಲ್ಲಕ್ಕನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದಿತ್ತು. ಅತ್ತೆ ಎದ್ದು ಓಡಾಡುವತನಕ ಇದ್ದು ಬರುತ್ತೇನೆ ಎಂದು ಮಹಾನಂದಾ ಅಣ್ಣನನ್ನು ಕಳಿಸಿದಳು. ಮಲ್ಲಕ್ಕ ಹದಿಮೂರು ವರ್ಷ ಹಾಸಿಗೆಯಲ್ಲಿದ್ದಳು. ಏಳಲಾಗದಿದ್ದರೂ ಮಾತು ಸಾಗಿಸುವ ಕೆಲಸವನ್ನು ಮಾತ್ರ ಅವಳು ಬಿಡಲಿಲ್ಲ. ಸೊಟ್ಟ ಬಾಯಿಂದಲೇ ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸಿದಳು. ಅಣ್ಣ ಮತ್ತೆ ಕರೆಯಲು ಬರಲಿಲ್ಲ.

ಮಲ್ಲಕ್ಕ ತೀರಿಕೊಂಡಾಗ ಮನೆಯಲ್ಲಿ ಇಬ್ಬರೇ ಉಳಿದರು. ನಡುವೆ ಮೂರನೆಯವರು ಇರಲಿಲ್ಲ. ಮೊದಲ ವಾರ ಕುಬೇರಪ್ಪ ಬಾಯಿ ಬಿಡಲಿಲ್ಲ. ಎರಡನೇ ವಾರದಲ್ಲಿ ಒಂದು ಮುಂಜಾನೆ ಪಡಸಾಲೆಯ ಬಾಜು ಕಟ್ಟಿದ್ದ ಎಮ್ಮೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಇವತ್ತು ಹೊಲಕ್ಕೆ ಬುತ್ತಿ ಬೇಡ, ಮಧ್ಯಾಹ್ನ ಬಂದೇ ಉಣ್ಣುತ್ತೇನೆ ಎಂದು ಅದಕ್ಕೆ ಹೇಳಿದರು. ಎಮ್ಮೆ ಕಿವಿ ಬಡಿಯಿತು. ಒಳಗೆ ಮಹಾನಂದಾ ಕಟ್ಟುತ್ತಿದ್ದ ಬುತ್ತಿಯನ್ನು ಬಿಚ್ಚಿದಳು. ಅವತ್ತಿನಿಂದ ಆ ಮನೆಯ ಎಲ್ಲ ಸಂಗತಿಗಳೂ ಎಮ್ಮೆಯ ಮೂಲಕ ನಡೆದವು. ಅವಳ ಉತ್ತರಕ್ಕೆ ಪಾತ್ರೆಗಳಿದ್ದವು. ತಾಟು ಒಂದು ಸಲ ಸಪ್ಪಳವಾದರೆ ಹೌದು. ಸಪ್ಪಳವಾಗದಿದ್ದರೆ ಇಲ್ಲ.

ಬಾಜು ಮನೆಯ ಶಮೀಮಾಬಿ ಇದನ್ನು ನೋಡಿ ನೋಡಿ ಒಂದು ದಿನ ತಡೆಯದೆ ಹೇಳಿದಳು: "ನಿಮ್ಮ ಎಮ್ಮಿ ಊರಾಗಿನ ಮಂದಿಗಿಂತ ಶ್ಯಾಣ್ಯಾ ಐತಿ ನೋಡವಾ. ಅದಕ್ಕೊಂದು ರೇಶನ್ ಕಾರ್ಡ್ ಮಾಡಸ್ರಿ."

ಮಹಾನಂದಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಒಳಗೆ ಬಂದ ಮೇಲೆ, ತನ್ನ ನಗುವಿನ ಸಪ್ಪಳ ಕೇಳಿ ಎಷ್ಟು ದಿನವಾಗಿತ್ತೆಂದು ಅವಳಿಗೆ ಅನಿಸಿತು. ಕೆಲವು ದಿನ ಹೊತ್ತು ಮುಳುಗಿದರೂ ತಾನು ಬಾಯಿ ತೆರೆದೇ ಇಲ್ಲವೆಂದು ನೆನಪಾಗುತ್ತಿತ್ತು. ಆಗ ಒಲೆಯ ಮುಂದೆ ಕೂತು ಏನಾದರೊಂದು ಅನ್ನುತ್ತಿದ್ದಳು. ಉಪ್ಪು ಅನ್ನುತ್ತಿದ್ದಳು. ಜೋಳ ಅನ್ನುತ್ತಿದ್ದಳು. ಧ್ವನಿ ಇದೆ ಎಂದು ಗೊತ್ತಾದ ಮೇಲೆ ರೊಟ್ಟಿಗೆ ಕೈ ಹಚ್ಚುತ್ತಿದ್ದಳು.

ಕುಬೇರಪ್ಪ ಕೆಟ್ಟವರಾಗಿರಲಿಲ್ಲ. ಸಂತೆಗೆ ಹೋಗಿ ಬಂದರೆ ನಡುಬಾಗಿಲ ಗೂಟಕ್ಕೆ ಚೀಲ ತೂಗುಹಾಕುತ್ತಿದ್ದರು. ಅದರ ತಳದಲ್ಲಿ ಯಾರೂ ಹೇಳದೆ ತಂದ ತಲೆನೋವಿನ ಗುಳಿಗೆ ಇರುತ್ತಿತ್ತು. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡದ್ದನ್ನು ಅವರು ಯಾವಾಗ ನೋಡಿದರೋ ಅವಳಿಗೆ ತಿಳಿಯಲಿಲ್ಲ. ಅವಳ ಕಡೆ ಅವರು ನೋಡುತ್ತಲೇ ಇರಲಿಲ್ಲವಲ್ಲ.

ಅವರಿಗೆ ಎಪ್ಪತ್ತೆಂಟಾದ ವರ್ಷ ಬಲಗೈ ನಡುಗತೊಡಗಿತು, ಮೊಣಕಾಲೂ ಹಿಡಿದುಕೊಂಡಿತು. ಅಣ್ಣಿಗೇರಿಯ ಅರಳೆ ಜಿನ್ನಿನಲ್ಲಿ ಮೂವತ್ತು ವರ್ಷ ದುಡಿದು ತಾವೇ ಕೊಂಡ ನಾಲ್ಕು ಎಕರೆ ಎರೆಹೊಲ, ತಾವೇ ಕಟ್ಟಿಸಿದ ಮನೆ, ಇಷ್ಟು ಅವರದಾಗಿತ್ತು. ಮಗಳು ಶೈಲಾ ಕಲಘಟಗಿ ಕಡೆಯ ದೇವಿಕೊಪ್ಪಕ್ಕೆ ಮದುವೆಯಾಗಿ ಹೋಗಿದ್ದಳು. ತಮ್ಮ ನಂತರ ಆಸ್ತಿ ಯಾರಿಗೆ ಎನ್ನುವುದನ್ನು ಬರೆಸಿ ಇಡಬೇಕೆಂದು ಕುಬೇರಪ್ಪ ಎಮ್ಮೆಗೆ ಒಂದು ದಿನ ಹೇಳಿದರು. ಒಳಗೆ ತಾಟು ಸಪ್ಪಳವಾಗಲಿಲ್ಲ, ಏಕೆಂದರೆ ಅದು ಕೇಳಿದ ಪ್ರಶ್ನೆಯಾಗಿರಲಿಲ್ಲ.

ನವಲಗುಂದದಿಂದ ಬಾಂಡ್ ಬರೆಯುವ ಹನಮಂತಪ್ಪ ಬಂದದ್ದು ಶ್ರಾವಣದಲ್ಲಿ, ಹೊಲದಲ್ಲಿ ಹೆಸರುಕಾಯಿ ಬಿಡಿಸುವ ದಿನಗಳಲ್ಲಿ. ನಲವತ್ತು ವರ್ಷದಿಂದ ಖರೀದಿ ಪತ್ರ, ಪಾಲು ಮಾಡುವ ವಾಟ್ನಿ ಪತ್ರ, ಮೃತ್ಯುಪತ್ರ ಬರೆದು ಬೆರಳು ಬಾಗಿದ ಮನುಷ್ಯ. ಮೃತ್ಯುಪತ್ರ ಬರೆಸಿದವರು ಲಗೂನೆ ಸಾಯುವುದಿಲ್ಲ, ಬರೆಸುತ್ತೇನೆ ಬರೆಸುತ್ತೇನೆ ಅನ್ನುವವರೇ ಹೋಗಿಬಿಡುತ್ತಾರೆ ಎಂದು ಚೇಷ್ಟೆ ಮಾಡುತ್ತ ಪಡಸಾಲೆಯಲ್ಲಿ ಕಾಗದ ಹರಡಿದರು. ಮಹಾನಂದಾ ನಡುಬಾಗಿಲ ಒಳಗೆ, ಚೌಕಟ್ಟಿಗೆ ಬೆನ್ನು ಕೊಟ್ಟು, ಅಡಿಗೆಮನೆಯ ಕಡೆ ಮುಖ ಮಾಡಿ ನಿಂತಿದ್ದಳು. ಚಹಾ ಬೇಕೆಂದರೆ ಕೊಡಲು ಅಲ್ಲಿ ನಿಲ್ಲಬೇಕಾಗಿತ್ತು.

ಬರೆದದ್ದನ್ನು ಹನಮಂತಪ್ಪ ಜೋರಾಗಿ ಓದಿದರು. ನಾಲ್ಕು ಎಕರೆಯೂ ಮನೆಯೂ ಮಗಳು ಶೈಲಾಳಿಗೆ. ಓದಿ ನಿಲ್ಲಿಸಿ, ಸೊಸೆಗೆ ಏನೂ ಬರೆಸುವುದಿಲ್ಲವೇ ಎಂದು ಕೇಳಿದರು. ಅವಳ ಹೆಸರಿಗೆ ಮಾಡಿದರೆ ಯರಗುಪ್ಪಿಯ ಪಾಲಾಗುತ್ತದೆ, ಅವಳ ಅಣ್ಣ ನುಂಗಿ ನೀರು ಕುಡಿಯುತ್ತಾನೆ, ಶೈಲಾ ಇದ್ದಾಳೆ, ಅವಳು ನೋಡಿಕೊಳ್ಳುತ್ತಾಳೆ ಎಂದು ಕುಬೇರಪ್ಪ ಹೇಳಿದರು. ಆ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಮಳೆ ಯಾವ ದಿಕ್ಕಿನಿಂದ ಬರುತ್ತದೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದರು.

ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿದಾರರು ಬೇಕು. ಒಬ್ಬರು ಹನಮಂತಪ್ಪನೇ. ಇನ್ನೊಬ್ಬರನ್ನು ಹುಡುಕಲು ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದರು. ಹೆಸರುಕಾಯಿ ಬಿಡಿಸಲು ಇಡೀ ಊರು ಹೊಲದಲ್ಲಿತ್ತು. ಸಹಿ ಮಾಡಬಲ್ಲವರು ಯಾರೂ ಸಿಗಲಿಲ್ಲ. ಸೊಸೆಗೆ ಓದು ಬರಹ ಬರುತ್ತದೆಯೇ ಎಂದು ಕೇಳಿದರು. ಹತ್ತನೆಯದು ಪಾಸಾಗಿದ್ದಾಳೆ, ಗಣಿತದಲ್ಲಿ ಎಂಬತ್ತೊಂದು ಎಂದು ಕುಬೇರಪ್ಪ ಹೇಳಿದರು. ಒಳಗೆ ನಿಂತವಳಿಗೆ ಅಚ್ಚರಿಯಾಯಿತು. ಮದುವೆಯ ಮಾತುಕತೆಯಲ್ಲಿ ಯಾರೋ ಹೇಳಿದ್ದ ಅಂಕ ಅದು. ಅವಳಿಗೇ ಮರೆತುಹೋಗಿತ್ತು.

ಸೊಸೆಯೇ ಸಾಕ್ಷಿ ಹಾಕಿದರೆ ನಾಳೆ ಅವಳೇ ತಕರಾರು ತೆಗೆಯಲು ಬರುವುದಿಲ್ಲ, ಒಳ್ಳೆಯದೇ ಆಯಿತು ಎಂದು ಹನಮಂತಪ್ಪ ಮಸಿಯ ಡಬ್ಬಿ ತೆಗೆದರು. ಮುಚ್ಚಳ ತೆರೆದ ಸಪ್ಪಳ, ನಡುಗುವ ಕೈಯನ್ನು ಹಿಡಿದು ನಿಲ್ಲಿಸುವಾಗಿನ ಏದುಸಿರು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ ಒಂದು ಗಳಿಗೆಯ ನಿಶ್ಶಬ್ದ, ಇಷ್ಟನ್ನು ಮಹಾನಂದಾ ಕೇಳಿದಳು.

ನೋಡಿದಿರಲ್ಲ ಎಂದು ಹನಮಂತಪ್ಪ ಅವಳನ್ನು ಕೇಳಿದರು. ಅವಳು ಅಡಿಗೆಮನೆಯ ಕಡೆಯೇ ನೋಡುತ್ತಿದ್ದಳು. ಅವರು ಎದ್ದು ಬಂದು ಅವಳ ಬೆನ್ನು ನೋಡಿದರು. ನಕ್ಕು ತಿರುಗಿ ಹೋಗಿ ಕೂತರು. ಆಮೇಲೆ ಅವರು ನಗಲಿಲ್ಲ.

"ಇದು ಆಗೂದಿಲ್ರಿ ಕುಬೇರಪ್ಪಾರ. ಸಾಕ್ಷಿ ಅಂದ್ರ ಕಣ್ಣೀಲೆ ನೋಡಬೇಕು. ಇಲ್ಲಾ, ಒತ್ತಿದವ ತನ್ನ ಬಾಯೀಲೆ ಇದು ನಂದು ಅಂತ ಹೇಳಬೇಕು. ಆಕಿಗೇ ಹೇಳಬೇಕು ಮತ್ತ. ನನಗಲ್ಲ, ನಿಮ್ಮ ಎಮ್ಮಿಗಲ್ಲ."

ಹೊರಗೆ ದೂರದಲ್ಲಿ ಒಂದು ಟ್ರ್ಯಾಕ್ಟರು ಏರಿ ಹತ್ತಿ ಇಳಿಯಿತು. ಹನಮಂತಪ್ಪ ಪೆನ್ನಿನ ಟೊಪ್ಪಿಗೆ ಹಾಕಿದರು, ತೆಗೆದರು.

"ಮಹಾನಂದಾ."

ಅವಳ ಹೆಸರು ಆ ಪಡಸಾಲೆಯಿಂದ ಬಂತು.

"ಮಹಾನಂದಾ, ಈ ಹೆಬ್ಬಟ್ಟು ನಂದ ಐತಿ. ನಾನ ಒತ್ತೇನಿ. ಸಹಿ ಮಾಡವಾ."

ಹನಮಂತಪ್ಪ ಕಾಗದವನ್ನು ಹೊಸ್ತಿಲ ಮೇಲೆ ಇಟ್ಟರು. ಅವಳು ತಿರುಗದೆ, ಹಿಂದಕ್ಕೆ ಕುಕ್ಕರಗಾಲಲ್ಲಿ ಕೂತು, ಪಕ್ಕಕ್ಕೆ ಕೈ ಚಾಚಿ ಸಹಿ ಮಾಡಿದಳು.

ಮರುದಿನ ರೊಟ್ಟಿ ಬಡಿಯುತ್ತಿದ್ದಾಗ, ತಾನು ಸಹಿ ಮಾಡಿದ್ದು ಏತಕ್ಕೆ ಎನ್ನುವುದು ಅವಳಿಗೆ ನಿಧಾನವಾಗಿ ತಿಳಿಯಿತು. ಮಾವ ಹೋದ ದಿನ ಈ ಒಲೆ ತನ್ನದಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯಿತು. ಅದು ತಿಳಿದ ಮೇಲೂ, ಹಿಂದಿನ ದಿನ ಕೇಳಿದ ಧ್ವನಿ ಎದೆಯಿಂದ ಹೋಗಲಿಲ್ಲ. ಸಾಯಂಕಾಲ ಕುಬೇರಪ್ಪ ಎಮ್ಮೆಗೆ, ಬಿಸಿನೀರು ಇಡಲು ಹೇಳು ಅಂದರು. ಆಮೇಲೆ ಎರಡು ವರ್ಷ ಮೊದಲಿನ ಹಾಗೇ ನಡೆಯಿತು. ನಿಮ್ಮ ಮೊಣಕಾಲು ನೆಟ್ಟಗಾದ ಮೇಲೆ ಕಚೇರಿಗೆ ಬಂದು ಆ ಪತ್ರ ನೋಂದಣಿ ಮಾಡಿಸಿಕೊಳ್ಳಿ ಎಂದು ಹನಮಂತಪ್ಪ ಕುಬೇರಪ್ಪನವರಿಗೆ ಹೇಳಿ ಹೋಗಿದ್ದರು. ಮೊಣಕಾಲು ನೆಟ್ಟಗಾಗಲಿಲ್ಲ. ಹನಮಂತಪ್ಪನೇ ಆ ಬೇಸಿಗೆಗೆ ತೀರಿಕೊಂಡರು.

ಮುಂದಿನ ವರ್ಷ ಒಂದು ಮುಂಜಾನೆ ಎಮ್ಮೆಗೆ ಯಾರೂ ಏನೂ ಹೇಳಲಿಲ್ಲ. ಮಹಾನಂದಾ ಸ್ವಲ್ಪ ಹೊತ್ತು ಕಾದು, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಮುಖ ತಿರುಗಿಸದೆ ಪಡಸಾಲೆಗೆ ಬಂದಳು. ಮಾವನ ಮುಖವನ್ನು ಅವಳು ಪೂರ್ತಿಯಾಗಿ ನೋಡಿದ್ದು ಆವತ್ತು.

ಮಾವನ ಹಳೆಯ ಟ್ರಂಕಿನಲ್ಲಿದ್ದ ಮೃತ್ಯುಪತ್ರವನ್ನು ಶೈಲಾ ತೆಗೆದುಕೊಂಡು ಹೋಗಿ ಹೊಲ ತನ್ನ ಹೆಸರಿಗೆ ಮಾಡಿಕೊಡಲು ಅರ್ಜಿ ಕೊಟ್ಟಳು. ಅದು ಗೊತ್ತಾದ ವಾರವೇ ಶಿದ್ಲಿಂಗಪ್ಪ ಮೊರಬಕ್ಕೆ ಬಂದ. ಇಪ್ಪತ್ತು ವರ್ಷ ಬಾರದವನು ಬಾಳೆಹಣ್ಣು ತಂದಿದ್ದ. ಮೃತ್ಯುಪತ್ರ ಇಲ್ಲದಿದ್ದರೆ ಮಗಳಿಗೆ ಅರ್ಧ, ತೀರಿಹೋದ ಮಗನ ಹೆಂಡತಿಗೆ ಅರ್ಧ, ಕಾಯಿದೆಯೇ ಹಾಗಿದೆ ಎಂದು ತಂಗಿಗೆ ತಿಳಿಸಿ ಹೇಳಿದ. ಎರಡು ಎಕರೆ, ಅರ್ಧ ಮನೆ. ಕೋರ್ಟು ಕಚೇರಿ ಅಲೆಯುವುದು ಹೆಣ್ಣುಮಕ್ಕಳಿಗೆ ಆಗದ ಕೆಲಸ, ನನ್ನ ಹೆಸರಿಗೆ ಒಂದು ವಟಮುಖತ್ಯಾರ ಪತ್ರ ಬರೆದುಕೊಡು ಎಂದ. ಹಾಗೆಂದರೆ ಏನು ಎಂದು ಅವಳು ಕೇಳಿದಳು. ನಿನ್ನ ಬದಲಿಗೆ ನಾನು ನಿಲ್ಲುವುದು, ನನ್ನ ಸಹಿ ನಿನ್ನ ಸಹಿ ಎಂದು ಅವನು ಹೇಳಿದ. ತನ್ನ ಬದಲಿಗೆ ಮತ್ತೊಬ್ಬರು ಮಾತಾಡುವುದು ಅವಳಿಗೆ ಹೊಸದಾಗಿರಲಿಲ್ಲ. ಬರೆದುಕೊಟ್ಟಳು.

ಅವಳ ಹೆಸರಿನಲ್ಲಿ ಅಣ್ಣ ದಾವೆ ಹಾಕಿದ, ಒಂದೂವರೆ ವರ್ಷ ಕೇಸು ನಡೆಯಿತು. ಅವಳು ಮೊರಬದಲ್ಲೇ ಇದ್ದಳು, ಹೊಲ ಬಿತ್ತಿಸಿದಳು, ಎಮ್ಮೆ ಹಿಂಡಿದಳು. ಶೈಲಾ ಬರುವುದು ನಿಂತಿತು. ಮೊದಲಾದರೆ ವರ್ಷಕ್ಕೆ ಎರಡು ಸಲ ಬಂದು ವೈನಿ ವೈನಿ ಎಂದು ಅಡಿಗೆಮನೆಯಲ್ಲಿ ಕೂರುತ್ತಿದ್ದವಳು. ಆ ಎರಡು ಸಲದ ಹರಟೆಯನ್ನೂ ಕಾಗದ ತೆಗೆದುಕೊಂಡು ಹೋಯಿತು.

ಒಂದು ದಿನ ವಕೀಲೆ ಸುಧಾರಾಣಿ ಅವಳನ್ನು ಕರೆಸಿದರು. ಶಿದ್ಲಿಂಗಪ್ಪ ನೇಮಿಸಿದ್ದ, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಅಣ್ಣ ಅವಳ ಪರವಾಗಿ ಕಟಕಟೆ ಹತ್ತಿದಾಗ ಶೈಲಾಳ ವಕೀಲರು ಒಪ್ಪಿರಲಿಲ್ಲ. ಮೃತ್ಯುಪತ್ರ ಖರೆ ಎಂದು ತೋರಿಸಲು ಅವರಿಗೆ ಒಬ್ಬ ಸಾಕ್ಷಿದಾರ ಬೇಕಾಗಿತ್ತು. ಹನಮಂತಪ್ಪ ಇರಲಿಲ್ಲ. ಉಳಿದವಳು ದಾವೆ ಹಾಕಿದವಳೇ. ಅವಳಿಗೇ ಸಮನ್ಸ್ ಹೊರಟಿತ್ತು.

"ವಟಮುಖತ್ಯಾರ ಕೊಟ್ರ ನಿಮ್ಮ ಸಹಿ ಅವರು ಮಾಡಬಹುದ್ರಿ ಅಕ್ಕಾರ," ಎಂದರು ಸುಧಾರಾಣಿ. "ನಿಮ್ಮ ಕಣ್ಣು, ಕಿವಿ ಅವರಾಗಾಕ ಬರೂದಿಲ್ಲ."

ಆಮೇಲೆ ಎರಡು ಪ್ರಶ್ನೆ ಕೇಳಿದರು. ಹೆಬ್ಬೆಟ್ಟು ಒತ್ತುವುದನ್ನು ನೋಡಿದಿರಾ. ನೋಡಿಲ್ಲ, ಬೆನ್ನು ತಿರುಗಿಸಿ ನಿಂತಿದ್ದೆ ಎಂದಳು ಮಹಾನಂದಾ. ಸುಧಾರಾಣಿಯ ಮುಖ ಹಗುರಾಯಿತು. ಹೆಬ್ಬೆಟ್ಟು ತಮ್ಮದೆಂದು ನಿಮ್ಮ ಮಾವ ನಿಮಗೆ ಏನಾದರೂ ಹೇಳಿದರಾ. ನಮ್ಮ ಮಾವ ನನ್ನ ಜೊತೆ ಮಾತಾಡುತ್ತಿರಲಿಲ್ಲ ಎಂದಳು ಮಹಾನಂದಾ. ಅದು ಸುಳ್ಳಾಗಿರಲಿಲ್ಲ. ಸುಧಾರಾಣಿ ಎರಡನೆಯದರ ಮುಂದೆಯೂ ಇಲ್ಲ ಎಂದು ಬರೆದುಕೊಂಡರು. ನಾನು ನಿಮಗೆ ಹೀಗೇ ಹೇಳಿ ಎಂದು ಹೇಳಿಕೊಡುವುದಿಲ್ಲ, ಈ ಎರಡಕ್ಕೂ ಇಲ್ಲ ಎಂದಾದರೆ ಮೃತ್ಯುಪತ್ರ ಬೀಳುತ್ತದೆ, ಒಂದಕ್ಕೆ ಹೌದು ಎಂದರೂ ನಿಲ್ಲುತ್ತದೆ, ಇಷ್ಟು ತಿಳಿದಿರಲಿ ಎಂದರು.

ಅಣ್ಣ ಹೇಳಿಕೊಟ್ಟ. ನವಲಗುಂದದ ಕೋರ್ಟಿಗೆ ಹೋಗುವ ಬಸ್ಸಿನಲ್ಲಿ ಅವಳ ಬಾಜು ಕೂತು, ಮುಂದಿನ ಸೀಟಿನವರಿಗೂ ಕೇಳುವ ಹಾಗೆ, ಮಾವ ನಿನ್ನ ಜೊತೆ ಮಾತಾಡುತ್ತಿರಲಿಲ್ಲ ಎನ್ನುವುದು ಇಡೀ ಮೊರಬಕ್ಕೆ ಗೊತ್ತು, ಬೇಕಾದರೆ ಐವತ್ತು ಮಂದಿಯನ್ನು ನಿಲ್ಲಿಸುತ್ತೇನೆ, ನೀನು ಒಂದೇ ಮಾತು ಇಲ್ಲ ಅಂದರೆ ಸಾಕು ಎಂದ. ಎರಡು ಎಕರೆಯಲ್ಲಿ ಒಂದು ಬೋರು ಹಾಕಿಸುವ ಮಾತಾಡಿದ. ಅವಳ ಪಾಲಿನ ಮನೆಗೆ ಬೇರೆ ಬಾಗಿಲು ಇಡಿಸುವ ಮಾತೂ ಬಂತು. ಅವಳು ಕಿಟಕಿಯ ಕಡೆ ಇದ್ದಳು. ಎರೆಹೊಲಗಳಲ್ಲಿ ಕಡಲೆ ಹೂವಿಗೆ ಬಂದಿತ್ತು. ತನ್ನದೇ ಬಾಗಿಲು, ತನ್ನದೇ ಕೀಲಿ, ಯಾರಿಗೂ ಬೆನ್ನು ಮಾಡದೆ ಪಡಸಾಲೆಯಲ್ಲಿ ಕಾಲು ಚಾಚಿ ಕೂರುವುದು. ಇದನ್ನು ಅವಳು ಬಯಸದೆ ಇರಲಿಲ್ಲ. ಬಹಳ ಬಯಸಿದ್ದಳು.

ಕಟಕಟೆಯಲ್ಲಿ ಅವಳು ಸೆರಗು ಹೊದ್ದು ನಿಂತಳು. ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿ, ಜೋರಾಗಿ ಮಾತಾಡಲು ಹೇಳಿದರು. ಶೈಲಾಳ ವಕೀಲರು ಕಾಗದ ತೋರಿಸಿ ಸಹಿ ನಿಮ್ಮದೇ ಎಂದು ಕೇಳಿದರು. ನನ್ನದೇ ಎಂದಳು. ಹೆಬ್ಬೆಟ್ಟು ಒತ್ತುವುದನ್ನು ನೋಡಿದಿರಾ. ಇಲ್ಲ. ಅಲ್ಲೇ ಇದ್ದಿರಲ್ಲ. ಅಲ್ಲೇ ಇದ್ದೆ, ಮುಖ ಆಚೆ ಮಾಡಿದ್ದೆ. ಯಾಕೆ.

"ಮಾವ ಇದ್ರಲ್ರಿ," ಎಂದಳು.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಶಿದ್ಲಿಂಗಪ್ಪ ಆರಾಮಾಗಿ ಹಿಂದಕ್ಕೆ ಒರಗಿದ. ಶೈಲಾ ತಲೆ ತಗ್ಗಿಸಿದಳು. ವಕೀಲರು ಕಾಗದ ತಿರುವಿದರು, ಕೂರಲು ಹೋದರು, ಮತ್ತೆ ನಿಂತು, ಕೇಳಬೇಕಾದ್ದನ್ನು ಕೇಳಿ ಮುಗಿಸುವವರ ಹಾಗೆ ಕೇಳಿದರು. ಆ ಹೆಬ್ಬೆಟ್ಟು ತಮ್ಮದೆಂದು ಕುಬೇರಪ್ಪ ನಿಮಗೆ ಏನಾದರೂ ಹೇಳಿದರೇ?

ಇಲ್ಲ ಎಂದರೆ ಯಾರೂ ಅನುಮಾನಿಸುವಂತಿರಲಿಲ್ಲ. ಶಮೀಮಾಬಿ ಆಣೆ ಮಾಡುತ್ತಿದ್ದಳು. ಊರೇ ಆಣೆ ಮಾಡುತ್ತಿತ್ತು. ಆ ಸುಳ್ಳಿಗೆ ಇಪ್ಪತ್ತೈದು ವರ್ಷದ ನಿಜ ಬೆನ್ನ ಹಿಂದೆ ನಿಂತಿತ್ತು. ಆ ಮಾತು ಗೊತ್ತಿದ್ದವರು ಮೂವರು. ಆಡಿದವರು ಮಣ್ಣಿನಲ್ಲಿದ್ದರು, ಬರೆದವರೂ ಹೋಗಿದ್ದರು. ಈಗ ಅದು ಇದ್ದದ್ದು ಅವಳೊಬ್ಬಳ ಕಿವಿಯಲ್ಲಿ. ಅವಳು ಇಲ್ಲ ಅಂದ ಗಳಿಗೆಗೆ ಅದು ಎಲ್ಲಿಯೂ ಇರುವುದಿಲ್ಲ.

"ಹೇಳಿದ್ರಿ," ಎಂದಳು ಮಹಾನಂದಾ.

ಸುಧಾರಾಣಿಯ ಪೆನ್ನು ನಿಂತಿತು. ಏನೆಂದು ಹೇಳಿದರು ಎಂದು ಕೇಳಿದವರು ನ್ಯಾಯಾಧೀಶೆ.

"ಮಹಾನಂದಾ, ಈ ಹೆಬ್ಬಟ್ಟು ನಂದ ಐತಿ, ನಾನ ಒತ್ತೇನಿ, ಸಹಿ ಮಾಡವಾ. ಹಂಗಂದ್ರಿ."

ಅವಳಿಗೆ ಗೊತ್ತಿಲ್ಲದೆಯೇ ಅದು ಕುಬೇರಪ್ಪನವರ ಧಾಟಿಯಲ್ಲಿ ಬಂದಿತ್ತು. ಶೈಲಾ ತಲೆ ಎತ್ತಿದಳು.

ನ್ಯಾಯಾಧೀಶೆ ಬೆರಳಚ್ಚು ಮಾಡುವವರಿಗೆ ಹೇಳಿ ಬರೆಸಿದರು: ಸದರಿ ಕುಬೇರಪ್ಪ ಇವರು ಹೆಬ್ಬೆಟ್ಟು ತಮ್ಮದೆಂದು ಸಾಕ್ಷಿದಾರಳಿಗೆ ತಿಳಿಸಿ, ಸಹಿ ಮಾಡಲು ಸೂಚಿಸಿದರು. ಇನ್ನು ಕೇಳುವುದು ಏನೂ ಇಲ್ಲ ಎಂದು ಶೈಲಾಳ ವಕೀಲರು ಕೂತರು. ಸುಧಾರಾಣಿಯೂ ಏಳಲಿಲ್ಲ. ಬರೆದದ್ದನ್ನು ನ್ಯಾಯಾಧೀಶೆ ಓದಿ ಹೇಳಿ, ಸರಿಯಾಗಿದೆಯೇ ಎಂದು ಮಹಾನಂದಾಳನ್ನು ಕೇಳಿದರು. ಅದು ಬರೀ ಪದ್ಧತಿಗೆ ಕೇಳುವ ಮಾತು. ಎಲ್ಲರೂ ಹೂಂ ಅನ್ನುತ್ತಾರೆ.

"ಒಂದು ಬಿಟ್ಟೈತ್ರಿ," ಎಂದಳು ಮಹಾನಂದಾ. "ಅವರು ಹೆಸರು ಹಿಡದು ಕರದ್ರು. ಅದನ್ನ ಬರಕೊಳ್ರಿ."

ಅದರಿಂದ ಕೇಸಿಗೆ ಏನೂ ವ್ಯತ್ಯಾಸವಾಗುವುದಿಲ್ಲ ಎಂದು ನ್ಯಾಯಾಧೀಶೆ ತಿಳಿಸಿದರು. ಗೊತ್ತು ಎನ್ನುವ ಹಾಗೆ ಮಹಾನಂದಾ ತಲೆ ಆಡಿಸಿದಳು, ಆದರೆ ಕಟಕಟೆಯಿಂದ ಇಳಿಯಲಿಲ್ಲ. ಅವರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಬೆರಳಚ್ಚು ಮಾಡುವವರ ಕಡೆ ತಿರುಗಿ, ಮಹಾನಂದಾ ಎಂದು ಹೆಸರು ಹಿಡಿದು ಕರೆದು ಎಂದು ಸೇರಿಸಿ ಅಂದರು.

ಹೊರಗೆ ಬೇವಿನ ಗಿಡದ ಕೆಳಗೆ ಶಿದ್ಲಿಂಗಪ್ಪ ಕಾಯುತ್ತಿದ್ದ. ಅವನು ಕೂಗಾಡಲಿಲ್ಲ.

"ಇಪ್ಪತ್ತೈದು ವರ್ಷ ಮೂಕಿ ಇದ್ದಾಕಿಗೆ ಬಾಯಿ ಇವತ್ತ ಬಂತೇನ?" ಎಂದ. ವಟಮುಖತ್ಯಾರ ಪತ್ರವನ್ನು ನೀನೇ ರದ್ದು ಮಾಡಿಸಿಕೋ, ಇನ್ನು ಯರಗುಪ್ಪಿಯ ಬಾಗಿಲು ತುಳಿಯಬೇಡ ಎಂದು ಹೇಳಿ ಗೇಟಿನ ಕಡೆ ನಡೆದ. ಅವಳ ಊಟದ ಡಬ್ಬಿ ಅವನ ಚೀಲದಲ್ಲಿತ್ತು. ಅವಳು ಕೂಗಿ ಕೇಳಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲಿನ ಬೆಂಚಿನ ಮೇಲೆ ಅವಳು ಕೂತಿದ್ದಾಗ ಶೈಲಾ ಬಂದು ಆ ತುದಿಗೆ ಕೂತಳು. ಇಬ್ಬರ ನಡುವೆ ಮತ್ತಿಬ್ಬರು ಕೂರುವಷ್ಟು ಜಾಗ ಇತ್ತು.

"ನಿನಗ ಎರಡ ಎಕರೆ ಬ್ಯಾಡಾಗಿತ್ತೇನ ವೈನಿ?"

"ಬೇಕಾಗಿತ್ತು."

"ಮತ್ತ?"

ಮಹಾನಂದಾ ಬಸ್ಸುಗಳನ್ನು ನೋಡಿದಳು. "ನಾ ಇಲ್ಲಂದಿದ್ರ, ಅವರು ಮಾತಾಡೇ ಇಲ್ಲ ಅನ್ನೂಹಂಗ ಆಕ್ಕಿತ್ತು."

ಶೈಲಾ ಬಹಳ ಹೊತ್ತು ಕೈಚೀಲದ ಬಾಯಿ ತೆರೆದು ಮುಚ್ಚುತ್ತ ಕೂತಳು. ಅಪ್ಪ ತನ್ನನ್ನು ಕೂಡ ಹೆಸರು ಹಿಡಿದು ಕರೆದವನಲ್ಲ, ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಏ ಹುಡುಗಿ ಅನ್ನುತ್ತಿದ್ದ ಎಂದು, ಯಾರಿಗೋ ಹೇಳುವ ಹಾಗೆ ಹೇಳಿದಳು. ಹೇಗೆ ಕರೆದ, ಜೋರಾಗಿಯೋ ಸಣ್ಣಗೋ ಎಂದು ಕೇಳಿದಳು. ಸಣ್ಣಗೆ ಎಂದಳು ಮಹಾನಂದಾ. ಹುಬ್ಬಳ್ಳಿ ಬಸ್ಸು ಬಂದು ನಿಂತಿತು. ಶೈಲಾ ಎದ್ದು, ಸೆರಗು ಸರಿಮಾಡಿಕೊಂಡು, ಕಡಲೆ ಸುಗ್ಗಿ ಮುಗಿಯುವತನಕ ಮನೆಯಲ್ಲೇ ಇರು, ಅವಸರ ಇಲ್ಲ ಎಂದಳು. ಅವಳಿಗೂ ಗಂಡನಿದ್ದ, ಗಂಡನ ಮನೆಯವರಿದ್ದರು. ಅಷ್ಟು ಹೇಳಲು ಅವಳು ಎಷ್ಟು ಯೋಚಿಸಿರಬೇಕೆಂದು ಮಹಾನಂದಾಳಿಗೆ ತಿಳಿಯಿತು. ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ ಎನ್ನುವುದೂ ತಿಳಿಯಿತು.

ತೀರ್ಪು ಶೈಲಾಳ ಕಡೆಗಾಯಿತು. ಕಡಲೆ ಕಿತ್ತು ಒಕ್ಕಿ ಮುಗಿದ ಮೇಲೆ ಮಹಾನಂದಾ ಮನೆ ಸಾರಿಸಿ, ಕೀಲಿಯನ್ನು ಶಮೀಮಾಬಿಯ ಕೈಯಲ್ಲಿಟ್ಟು, ಅಣ್ಣಿಗೇರಿಗೆ ಹೋದಳು. ಎಮ್ಮೆಯನ್ನು ದೇವಿಕೊಪ್ಪದವರು ಟೆಂಪೋದಲ್ಲಿ ಒಯ್ದರು. ಅಣ್ಣಿಗೇರಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡಿಗೆಯ ಕೆಲಸ ಸಿಕ್ಕಿತ್ತು, ಉಗ್ರಾಣದ ಬಾಜು ಮಲಗಲು ಒಂದು ಖೋಲಿ. ಒಂದು ತಿಂಗಳ ಮೇಲೆ, ಒಂದು ಮಧ್ಯಾಹ್ನ ರಜೆ ಕೇಳಿಕೊಂಡು ಅವಳು ಕೋರ್ಟಿಗೆ ಬಂದಳು.

ನಕಲು ಕೊಡುವ ಕಿಟಕಿಯಲ್ಲಿ ಒಬ್ಬ ಗುಮಾಸ್ತ ಇದ್ದ. ತಾನು ಹೇಳಿದ ಸಾಕ್ಷಿಯ ನಕಲು ಬೇಕು ಎಂದು ಅವಳು ಹೇಳಿದಳು. ಅವನು ನಂಬರು ಕೇಳಿ ದಾಖಲೆ ಹುಡುಕಿಸಿ, ಅರ್ಜಿಯ ನಮೂನೆ ತಾನೇ ತುಂಬತೊಡಗಿದ. ತುಂಬುತ್ತ ಕೇಸಿನ ತೀರ್ಪು ಕಂಡು, ಇದರಲ್ಲಿ ನಿಮಗೆ ಏನೂ ಬಂದಿಲ್ಲವಲ್ಲ ಅಕ್ಕಾರ, ಅಪೀಲು ಹಾಕುತ್ತೀರೇನು ಎಂದು ಕೇಳಿದ. ಇಲ್ಲ ಎಂದಳು.

"ನಕಲು ಯಾತಕ್ಕ ಬೇಕು ಅಂತ ಒಂದು ಕಾಲಂ ಐತ್ರಿ. ಏನಂತ ಬರೀಲಿ?"

ಅವಳು ಯೋಚಿಸಿದಳು. ಹಿಂದೆ ಸರದಿಯಲ್ಲಿ ನಿಂತವರು ಕಾಲು ಬದಲಿಸಿದರು.

"ನನ್ನ ಕಡೆ ಇರ್ಲಿ ಅಂತ್ರಿ."

ಗುಮಾಸ್ತ ಪೆನ್ನಿನ ತುದಿಯಿಂದ ಕಿವಿ ತುರಿಸಿಕೊಂಡ. ಆಮೇಲೆ ಆ ಕಾಲಂನಲ್ಲಿ ಸ್ವಂತಕ್ಕೆ ಎಂದು ಬರೆದು, ಕೆಳಗೆ ಅವಳ ಸಹಿ ತೆಗೆದುಕೊಂಡು, ಮಂಗಳವಾರ ನಾಲ್ಕರ ಮೇಲೆ ಬರಲು ಹೇಳಿದ. ಅಣ್ಣಿಗೇರಿಗೆ ನಾಲ್ಕರ ಮೇಲೆ ಯಾವ ಬಸ್ಸು ಇದೆ ಎಂದು ಅವಳು ಅವನನ್ನೇ ಕೇಳಿದಳು. ಐದೂಕಾಲಿಗೆ ಒಂದು ಇದೆ ಎಂದ.